ನಂಬುವ ಮೊದಲು ಒಂದು ಮಾತು ಕೇಳೋಣ



ನಮ್ಮ ಸಂಘದ ವಾರದ ಸಭೆಯಲ್ಲಿ ಹತ್ತು ರೂಪಾಯಿ ಉಳಿತಾಯ ಕಟ್ಟಿದರೂ ಪುಸ್ತಕದಲ್ಲಿ ಬರೆಯುತ್ತೇವೆ. ಸಾಲ ಕೊಡುವ ಮುಂಚೆ ಯಾತಕ್ಕೆ ಬೇಕು, ಹೇಗೆ ತೀರಿಸ್ತೀರಿ ಅಂತ ಎಲ್ಲರ ಎದುರಿಗೇ ಕೇಳುತ್ತೇವೆ. ಬ್ಯಾಂಕಿಗೆ ಹೋಗಿ ಬಂದವರು ಚಲನ್ ತೋರಿಸುತ್ತಾರೆ. ಇದು ಯಾರ ಮೇಲಿನ ಅನುಮಾನವೂ ಅಲ್ಲ. ಲೆಕ್ಕ ಎಲ್ಲರಿಗೂ ಕಾಣುವ ಹಾಗೆ ಇರುವುದರಿಂದಲೇ ನಮ್ಮೊಳಗೆ ನಂಬಿಕೆ ಉಳಿದಿದೆ.

ಆದರೆ ಮೊಬೈಲಿಗೆ ಬಂದ ಮಾತನ್ನು ಹೀಗೆ ಕೇಳಿ ನೋಡುತ್ತೇವೆಯೇ? ಓದಿದ ಕೂಡಲೇ ನಾಲ್ಕು ಜನರಿಗೆ ಕಳುಹಿಸಿಬಿಡುತ್ತೇವೆ. ಹೀಗೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ, ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ.

2018ರಲ್ಲಿ ನಡೆದದ್ದು

ಆ ವರ್ಷ "ಮಕ್ಕಳ ಕಳ್ಳರು ಬಂದಿದ್ದಾರೆ, ಹುಷಾರು" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ದೇಶದ ತುಂಬ ಹರಡಿತು. ಜೊತೆಗೆ ಒಂದು ವಿಡಿಯೋ. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ನೋಡಿದ ಯಾವ ತಾಯಿಯ ಎದೆ ತಾನೇ ನಡುಗುವುದಿಲ್ಲ?

ನಿಜ ಏನೆಂದರೆ, ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸಲು ಮಾಡಿದ ಕಿರುಚಿತ್ರ. ಕೊನೆಯಲ್ಲಿ ಅವರೇ ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ ಹರಿಯಬಿಟ್ಟಿದ್ದರು.

ಪರಿಣಾಮ ನೋಡಿ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜೂನ್ 28ರಂದು ತ್ರಿಪುರಾದಲ್ಲಿ, ಇಂಥ ವದಂತಿ ನಂಬಬೇಡಿ ಎಂದು ಮೈಕಿನಲ್ಲಿ ಹೇಳಲು ಸರ್ಕಾರವೇ ನೇಮಿಸಿದ್ದ ವ್ಯಕ್ತಿ ಗುಂಪಿನ ಏಟಿಗೆ ಬಲಿಯಾದ. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನಪಾಡಾದಲ್ಲಿ, ಭಿಕ್ಷೆ ಬೇಡಿ ಬದುಕುವ ಅಲೆಮಾರಿ ಸಮುದಾಯದ 5 ಜನ ಸತ್ತರು.

ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಸ್ನೇಹಿತನ ಊರಿಗೆಂದು ಹೈದರಾಬಾದ್‌ನಿಂದ ಬಂದಿದ್ದವರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟೇ ತಪ್ಪಾಯಿತು! ಮಕ್ಕಳ ಕಳ್ಳರೆಂಬ ಸುದ್ದಿ ಮೊಬೈಲಿನಲ್ಲಿ ಅವರ ಕಾರಿಗಿಂತ ಮೊದಲೇ ಮುಂದಿನ ಊರು ಮುರ್ಕಿಗೆ ಮುಟ್ಟಿತ್ತು. ಅಲ್ಲಿ ಜನ ಮುತ್ತಿಗೆ ಹಾಕಿ ಹೊಡೆದರು. ಒಬ್ಬ ಯುವ ಇಂಜಿನಿಯರ್ ಪ್ರಾಣ ಬಿಟ್ಟ. ಬಿಡಿಸಲು ಹೋದ ಪೊಲೀಸರಿಗೂ ಗಾಯವಾಯಿತು. ಆಮೇಲೆ ಬಂಧನಕ್ಕೊಳಗಾದವರಲ್ಲಿ ವಾಟ್ಸಾಪ್ ಗುಂಪಿನ ಅಡ್ಮಿನ್ ಕೂಡ ಇದ್ದ.

ಹೊಡೆದವರಲ್ಲಿ ಬಹಳ ಜನ ನಮ್ಮ ನಿಮ್ಮ ಹಾಗೆ ಸಂಸಾರಸ್ಥರು. ಮಕ್ಕಳನ್ನು ಕಾಪಾಡುತ್ತಿದ್ದೇವೆ ಎಂದೇ ಅವರು ತಿಳಿದಿದ್ದರು.

ಒಳ್ಳೆಯವರೂ ಹೀಗೇಕೆ ಮಾಡುತ್ತಾರೆ?

ಮೊದಲನೆಯದು, ಸಂದೇಶ ನಮಗೆ ಗುರುತಿನವರಿಂದ ಬರುತ್ತದೆ. ತಂಗಿ ಕಳುಹಿಸಿದಳು, ಸುಳ್ಳು ಇರಲಿಕ್ಕಿಲ್ಲ ಅಂದುಕೊಳ್ಳುತ್ತೇವೆ. ಆದರೆ ತಂಗಿಗೆ ಅದನ್ನು ಕಳುಹಿಸಿದವರು ಯಾರು? ನಮ್ಮ ನಂಬಿಕೆ ತಂಗಿಯ ಮೇಲೆ, ಮಾತು ಮಾತ್ರ ಗುರುತಿಲ್ಲದವರದ್ದು.

ಎರಡನೆಯದು, ಭಯ ಮತ್ತು ಸಿಟ್ಟು ಬಂದಾಗ ಯೋಚನೆ ನಿಂತುಹೋಗುತ್ತದೆ, ಕೈ ಮುಂದಾಗುತ್ತದೆ. ಮೂರನೆಯದು, ಒಂದೇ ಮಾತು ನಾಲ್ಕು ಗುಂಪುಗಳಲ್ಲಿ ಬಂದರೆ ನಾಲ್ಕು ಸಾಕ್ಷಿ ಸಿಕ್ಕ ಹಾಗೆ ಅನಿಸುತ್ತದೆ. ನಿಜವಾಗಿ ಅದು ಒಂದೇ ಮಾತಿನ ನಾಲ್ಕು ನಕಲು.

ಅಮೆರಿಕದ ಎಂಐಟಿ ಸಂಸ್ಥೆಯ ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳನ್ನು ಪರಿಶೀಲಿಸಿ 2018ರಲ್ಲಿ ವರದಿ ಪ್ರಕಟಿಸಿದರು. ನಿಜಕ್ಕಿಂತ ಸುಳ್ಳನ್ನು ಜನ ಮುಂದೆ ಕಳುಹಿಸುವ ಸಾಧ್ಯತೆ ಶೇಕಡ 70ರಷ್ಟು ಹೆಚ್ಚಾಗಿತ್ತು. ಸುಳ್ಳು ಅಷ್ಟು ಬೇಗ ಹರಡಲು ಮುಖ್ಯ ಕಾರಣ ಯಂತ್ರವಲ್ಲ, ಮನುಷ್ಯರೇ. ಸುಳ್ಳು ಯಾವಾಗಲೂ ಹೊಸದಾಗಿ, ಆಶ್ಚರ್ಯವಾಗಿ ಕಾಣುತ್ತದೆ. ನಿಜ ಸಪ್ಪೆಯಾಗಿರುತ್ತದೆ.

ಇದರಿಂದ ನಷ್ಟ ಯಾರಿಗೆ? ಸೀರೆ ಮಾರಲು ಬಂದವರು, ದಾರಿ ಕೇಳಿದವರು, ಬೇರೆ ಭಾಷೆಯ ಕೂಲಿಯವರು, ಎಲ್ಲರೂ ಕಳ್ಳರ ಹಾಗೆ ಕಾಣತೊಡಗುತ್ತಾರೆ. ಕಾಣದವರ ಮಾತನ್ನು ನಂಬಿ, ಕಣ್ಣೆದುರಿನ ಮನುಷ್ಯನನ್ನು ನಂಬದಂತಾಗುತ್ತೇವೆ. ನಾಳೆ ನಮ್ಮ ಮಕ್ಕಳು ದುಡಿಯಲು ಬೇರೆ ಊರಿಗೆ ಹೋದಾಗ ಅಲ್ಲಿ ಅವರೇ ಹೊರಗಿನವರು ಎಂಬುದನ್ನು ಮರೆಯಬಾರದು.

ನಾವು ಏನು ಮಾಡಬಹುದು?

ಮೊಬೈಲ್ ಬಿಸಾಡಿ ಎಂದು ಹೇಳುತ್ತಿಲ್ಲ. ಸಂತೆಯ ದರ, ಮಕ್ಕಳ ಪಾಠ, ಸಭೆಯ ಸೂಚನೆ ಎಲ್ಲ ಅದರಲ್ಲೇ ಬರುತ್ತದೆ. "ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಎಂದು ನಮ್ಮ ಹಿರಿಯರು ಹೇಳಿದ್ದನ್ನು ಮೊಬೈಲಿಗೂ ಅನ್ವಯಿಸೋಣ.

1. ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿ: ಮೊದಲು ಹೇಳಿದವರು ಯಾರು? ಯಾವ ಊರು, ಯಾವ ದಿನ? ನೀವು ಕಣ್ಣಾರೆ ಕಂಡಿರಾ? ಉತ್ತರ ಇಲ್ಲದಿದ್ದರೆ ಮುಂದೆ ಕಳುಹಿಸಬೇಡಿ.

2. ವಾಟ್ಸಾಪ್ ಸಂದೇಶದ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಬಹಳ ಕೈ ದಾಟಿ ಬಂದದ್ದು ಎಂದರ್ಥ. ಇಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗುಂಪಿಗೆ ಮಾತ್ರ ಕಳುಹಿಸುವಂತೆ 2020ರ ಏಪ್ರಿಲ್‌ನಲ್ಲಿ ಕಂಪನಿಯೇ ಮಿತಿ ಹಾಕಿತು.

3. ಯಾರ ಮೇಲಾದರೂ ಅನುಮಾನ ಬಂದರೆ 112ಕ್ಕೆ, ಮಕ್ಕಳ ವಿಷಯವಾದರೆ 1098ಕ್ಕೆ ಫೋನ್ ಮಾಡಿ. ಗುಂಪು ಸೇರಿಸಬೇಡಿ, ಕೈ ಎತ್ತಬೇಡಿ.

4. "ಬಹುಮಾನ ಬಂದಿದೆ, ಓಟಿಪಿ ಹೇಳಿ" ಎನ್ನುವವರೂ ಇದೇ ಭಯ, ಆಸೆ, ಅವಸರವನ್ನೇ ಬಳಸುತ್ತಾರೆ. ಓಟಿಪಿ ಯಾರಿಗೂ ಹೇಳಬೇಡಿ. ಹಣ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

5. ಸುಳ್ಳು ಕಳುಹಿಸಿದವರನ್ನು ಗುಂಪಿನಲ್ಲಿ ಅವಮಾನ ಮಾಡಬೇಡಿ. ಪಕ್ಕಕ್ಕೆ ಕರೆದು ಹೇಳಿ. ಅದೇ ಗುಂಪಿನಲ್ಲಿ "ಇದು ನಿಜವಲ್ಲ" ಎಂದು ಅವರೇ ಹಾಕಲಿ.

ಸಭೆಯಲ್ಲಿ ಚರ್ಚಿಸಿ

● ಕಳೆದ ತಿಂಗಳು ನಮ್ಮ ಮೊಬೈಲಿಗೆ ಬಂದ ಯಾವ ಸಂದೇಶ ನಮ್ಮನ್ನು ಹೆದರಿಸಿತು? ಅದು ನಿಜವಾಗಿತ್ತೇ?

● ನಮ್ಮ ಊರಿಗೆ ಹೊರಗಿನಿಂದ ಬರುವವರು ಯಾರು? ಅವರ ಪರಿಚಯ ನಮಗಿದೆಯೇ?

● "ಕೇಳಿ ತಿಳಿಯದೆ ಯಾವ ಸಂದೇಶವನ್ನೂ ಮುಂದೆ ಕಳುಹಿಸುವುದಿಲ್ಲ" ಎಂದು ನಮ್ಮ ಸಂಘದಲ್ಲಿ ಠರಾವು ಬರೆಯೋಣವೇ?

ಮುರ್ಕಿಯ ದಾರಿಯಲ್ಲಿ ಆ ದಿನ ಒಬ್ಬರಾದರೂ "ಸ್ವಲ್ಪ ತಡೀರಿ, ಮೊದಲು ವಿಚಾರಿಸೋಣ" ಎಂದಿದ್ದು ಜನ ಕೇಳಿದ್ದರೆ ಒಂದು ಜೀವ ಉಳಿಯುತ್ತಿತ್ತು. ಆ ಒಂದು ಮಾತು ಹೇಳುವ ಧೈರ್ಯ ನಮ್ಮ ಪ್ರತಿ ಸಂಘದಲ್ಲೂ ಒಬ್ಬರಿಗಾದರೂ ಇರಲಿ.