ಪದವೀಧರನೂ ಸ್ವಂತ ಉದ್ಯಮವೂ

ಪದವಿ ಮುಗಿದ ಮೇಲೆ ಏನು ಮಾಡುವಿರಿ ಎಂದು ನಮ್ಮ ತರಗತಿಯಲ್ಲಿ ಯಾರನ್ನು ಕೇಳಿದರೂ ಸರಕಾರಿ ನೌಕರಿಯೆಂಬ ಉತ್ತರವೇ ಮೊದಲು ಬರುತ್ತದೆ. ಸ್ವಂತ ಉದ್ಯಮವೆಂದರೆ ಒಂದು ಬಗೆಯ ನಗು. ವಿದ್ಯಾವಂತ ತರುಣರಲ್ಲಿ ಸಾಹಸವಿಲ್ಲವೆಂದು ವೇದಿಕೆಯ ಮೇಲೆ ನುಡಿಯುವ ಹಿರಿಯರು ಹಲವರಿದ್ದಾರೆ. ಈ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ.

ಮನಶ್ಶಾಸ್ತ್ರಜ್ಞ ಐಸೆಕ್ ಐಜೆನ್ ಎಂಬವರು 1991ರ ಲೇಖನವೊಂದರಲ್ಲಿ ಮನುಷ್ಯನ ಸಂಕಲ್ಪಕ್ಕೆ ಮೂರು ಮೂಲಗಳನ್ನು ಹೇಳಿದ್ದಾರೆ: ಆ ಕೆಲಸದಲ್ಲಿ ತನಗಿರುವ ಒಲವು, ತನ್ನವರು ಅದನ್ನು ಮೆಚ್ಚುವರೇ ಎಂಬ ಎಣಿಕೆ, ಅದು ತನ್ನಿಂದಾದೀತೆಂಬ ನಂಬಿಕೆ. ವಿದ್ಯಾರ್ಥಿಗಳು ಉದ್ಯಮಕ್ಕೆ ಇಳಿಯುವರೋ ಇಲ್ಲವೋ ಎಂದು ಅಳೆಯಲು ಅನೇಕ ದೇಶಗಳ ಸಂಶೋಧಕರು ಈ ಮೂರನ್ನೇ ಬಳಸುತ್ತಾರೆ.

ಇವುಗಳಲ್ಲಿ ಎರಡನೆಯದು ನಮ್ಮ ಸತ್ತೇಗಾಲದಂಥ ಊರಿನಲ್ಲಿ ಬಲು ಭಾರವಾದುದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಪ್ಪ ರೇಷ್ಮೆ ಹುಳು ಸಾಕುತ್ತಾರೆ. ಕೊಳ್ಳೇಗಾಲದ ಸೀಮೆಗೆ ರೇಷ್ಮೆ ಹೊಸದಲ್ಲ. 1956ಕ್ಕೆ ಮುಂಚೆ ಈ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಾಗಲೇ ಇಲ್ಲಿ ಹಿಪ್ಪುನೇರಳೆಯಿತ್ತು. ಮೊಟ್ಟೆಯೊಡೆದ ಹುಳು ನಾಲ್ಕು ಜ್ವರ ದಾಟಿ, ಹಣ್ಣಾಗಿ ಚಂದ್ರಿಕೆ ಏರಲು ಸುಮಾರು 25 ದಿನ ಬೇಕು. ಅಷ್ಟರೊಳಗೆ ಹಾಲುರೋಗವೋ ಸುಣ್ಣಕಟ್ಟೋ ಬಂದರೆ ಸೊಪ್ಪಿನ ದುಡ್ಡೂ ಹೋದಂತೆಯೇ. ಗೂಡು ಚೆನ್ನಾಗಿ ಬಂದರೂ ಹರಾಜಿನ ಧಾರಣೆ ಬೆಳೆದವರ ಕೈಯಲ್ಲಿಲ್ಲ. ಸಾಲ ತರುವುದು, ಬಂಡವಾಳ ಹೂಡುವುದು, ನಷ್ಟಕ್ಕೆ ಎದೆಗೊಡುವುದು, ಹೀಗೆ ಉದ್ಯಮಿಗೆ ಅರ್ಥಶಾಸ್ತ್ರದ ಪುಸ್ತಕ ಹೇಳುವ ಲಕ್ಷಣಗಳೆಲ್ಲ ಅಪ್ಪನಲ್ಲಿವೆ. ಆದರೂ ಅವರನ್ನು ಯಾರೂ ಉದ್ಯಮಿಯೆಂದು ಕರೆದದ್ದಿಲ್ಲ. "ನಾನ್ ಪಟ್ಟ ಪಾಡು ಸಾಕು ಕಣ್ ಮಗ, ನೀನು ತಿಂಗಳ ಸಂಬಳ ಕಾಣು" ಎನ್ನುವವರೂ ಅವರೇ. ಇಂಥ ಮನೆಯ ಮಗ ಉದ್ಯಮಕ್ಕೆ ಹಿಂಜರಿದರೆ ಅದನ್ನು ಹೇಡಿತನವೆಂದು ಹೇಗೆ ಕರೆಯುವುದು?

ಇನ್ನು ನಂಬಿಕೆಯ ಮಾತು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ 'ಶಿಶು' ವರ್ಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲ ಉಂಟು. ಸಾಲ ದೊರೆತ ಮಾತ್ರಕ್ಕೆ ಕೈ ಪಳಗುವುದಿಲ್ಲವಷ್ಟೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಸಂಸ್ಥೆಯೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೂ ಸೇರಿ ತೆರೆದ ರುಡ್‌ಸೆಟ್ ಸಂಸ್ಥೆ ಇದನ್ನು ಅರಿತಿತ್ತು. ನಿರುದ್ಯೋಗಿ ತರುಣರಿಗೆ ಊಟ ವಸತಿ ಸಹಿತ ಉಚಿತವಾಗಿ ಕಸಬನ್ನೂ ಲೆಕ್ಕಾಚಾರವನ್ನೂ ಕಲಿಸಿ, ಬಳಿಕವೂ ಅವರನ್ನು ವಿಚಾರಿಸಿಕೊಳ್ಳುವುದು ಅದರ ಪದ್ಧತಿ. ಅದೇ ಮಾದರಿಯ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳನ್ನು ಈಗ ಬ್ಯಾಂಕುಗಳು ದೇಶದ ನಾನಾ ಜಿಲ್ಲೆಗಳಲ್ಲಿ ನಡೆಸುತ್ತಿವೆ. ನಮ್ಮ ಬಿ.ಎ. ತರಗತಿಯಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ನಾನು ನೌಕರಿಯ ಪರೀಕ್ಷೆಗೂ ಓದುತ್ತಿದ್ದೇನೆ, ಮುಚ್ಚಿಡುವುದೇಕೆ? ಜೊತೆಗೆ ಈ ಬೆಳೆಯಿಂದ ಮನೆಯ ಲೆಕ್ಕದ ಪುಸ್ತಕವನ್ನೂ ಬರೆಯತೊಡಗಿದ್ದೇನೆ. ಸೊಪ್ಪು, ಚಾಕಿ ಹುಳು, ಸಾಗಣೆ, ಎಲ್ಲದರ ಖರ್ಚೂ ಅಪ್ಪನಿಗೆ ಬಾಯಲ್ಲೇ ಇತ್ತು. ಅವ್ವನ ಕೂಲಿ ಮಾತ್ರ ಯಾವ ವರ್ಷವೂ ಲೆಕ್ಕಕ್ಕೆ ಬಂದಿರಲಿಲ್ಲ.