ಐದಡಿಯ ರಕ್ತಸ್ತಂಭ

ರಕ್ತದೊತ್ತಡ ನೂರಿಪ್ಪತ್ತು ಎಂದು ವೈದ್ಯರು ಹೇಳಿದಾಗ ನಾವು ತಲೆದೂಗುತ್ತೇವೆ. ಅದು ಯಾವುದರ ಅಳತೆ ಎಂದು ಕೇಳುವವರು ವಿರಳ. ಅದು 120 ಮಿಲಿಮೀಟರ್ ಪಾದರಸದ ಎತ್ತರ. ಪಾದರಸವು ನೀರಿಗಿಂತ 13.6 ಪಟ್ಟು ಭಾರವಾದುದರಿಂದ, ಅದೇ ಒತ್ತಡವು ರಕ್ತವನ್ನು ನೆಟ್ಟಗೆ ನಿಲ್ಲಿಸಿದ ನಳಿಕೆಯಲ್ಲಿ ಸುಮಾರು ಐದು ಅಡಿ ಏರಿಸಬಲ್ಲದು. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುದುರೆಯ ಅಪಧಮನಿಗೆ ಗಾಜಿನ ನಳಿಕೆ ಜೋಡಿಸಿದಾಗ ರಕ್ತವು ಎಂಟಡಿಗೂ ಮಿಕ್ಕಿ ಏರಿತು. 1733ರಲ್ಲಿ ಪ್ರಕಟವಾದ ಆ ಪ್ರಯೋಗ ಇಂದು ಕ್ರೂರವೆನಿಸುತ್ತದೆ. ಆದರೂ ಒತ್ತಡದ ಅಳತೆಗೆ ಅದೇ ಮೊದಲು.

ಸಿದ್ದಾಪುರ, ಯಲ್ಲಾಪುರಗಳ ಕಡೆ ಗುಡ್ಡದ ಅಬ್ಬಿಯಿಂದ ಮನೆಗೆ ಪೈಪಿನಲ್ಲಿ ನೀರು ತರುವವರಿಗೆ ಈ ವಿಷಯ ಸುಲಭ. ಅಲ್ಲಿ ಒತ್ತಡ ಕೊಡುವುದು ಎತ್ತರ, ದೇಹದಲ್ಲಿ ಹೃದಯ. ನಳಿಕೆ ಕಿರಿದಾದಷ್ಟೂ ಹರಿವಿಗೆ ತಡೆ ಹೆಚ್ಚು. ಒಳಗಿನ ವ್ಯಾಸ ಅರ್ಧವಾದರೆ ಅದೇ ಒತ್ತಡದಲ್ಲಿ ಹರಿವು ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಸಣ್ಣ ಅಪಧಮನಿಗಳು ಬಿಗಿಗೊಂಡಾಗ ಹೃದಯ ಅಷ್ಟು ಹೆಚ್ಚು ದುಡಿಯಬೇಕಾಗುತ್ತದೆ.

ಹೃದಯಕ್ಕಿಂತ ತಲೆ ಎಷ್ಟು ಮೇಲಿದೆ ಎಂಬುದೂ ಮುಖ್ಯ. ಜಿರಾಫೆಯ ಒತ್ತಡ ನಮ್ಮದಕ್ಕಿಂತ ಸುಮಾರು ಇಮ್ಮಡಿ. ಮರವೇರುವ ಹಾವುಗಳಲ್ಲಿ ಹೃದಯವು ನೀರುಹಾವುಗಳಿಗಿಂತ ತಲೆಗೆ ಹತ್ತಿರವಿರುತ್ತದೆ. ತಲೆ ಮೇಲೆತ್ತಿದಾಗ ಮೆದುಳಿಗೆ ರಕ್ತ ತಲುಪಬೇಕಲ್ಲ! ಕೊನೆಗೌಡನಿಗೆ ಮರದ ಎತ್ತರದಿಂದ ಈ ತೊಂದರೆಯಿಲ್ಲ, ಅವನ ಹೃದಯವೂ ಜೊತೆಗೇ ಏರುತ್ತದೆ. ತೊಂದರೆ ಬರುವುದು ಕುಕ್ಕರುಗಾಲಿನಿಂದ ಥಟ್ಟನೆ ಎದ್ದಾಗ. ರಕ್ತ ಕಾಲುಗಳಲ್ಲಿ ತಂಗಿ, ಮೆದುಳಿಗೆ ಒಂದು ಕ್ಷಣ ಕೊರತೆಯಾಗಿ ಕಣ್ಣು ಕತ್ತಲೆಗಟ್ಟುತ್ತದೆ. ಒತ್ತಡದ ಕೆಲವು ಮಾತ್ರೆಗಳು ಇದನ್ನು ಹೆಚ್ಚಿಸಬಲ್ಲವು. ಆದುದರಿಂದ ಮರವೇರುವ ಕಾಯಕದವರು ಮಾತ್ರೆ ಬರೆಸಿಕೊಳ್ಳುವಾಗ ತಮ್ಮ ಕೆಲಸವೇನೆಂದು ವೈದ್ಯರಿಗೆ ತಪ್ಪದೆ ತಿಳಿಸಬೇಕು. ತಲೆಸುತ್ತಿತೆಂದು ತಾವಾಗಿಯೇ ಮಾತ್ರೆ ನಿಲ್ಲಿಸುವುದೂ ಅಪಾಯಕರ.

ಇನ್ನು ಉಪ್ಪು. ಶಿರಸಿ ಸೀಮೆಯಲ್ಲಿ ಅಪ್ಪೆಮಿಡಿಯನ್ನು ಬಿಡಿರೆಂದು ಹೇಳುವ ಧೈರ್ಯ ಈ ಲೇಖಕನಿಗಿಲ್ಲ. ಆದರೆ ಆ ಮಿಡಿ ವರ್ಷಗಟ್ಟಲೆ ಕೆಡದಿರಲು ಉಪ್ಪೇ ಕಾರಣ. ರಕ್ತದಲ್ಲಿ ಉಪ್ಪು ಹೆಚ್ಚಿದಾಗ ಅದರೊಡನೆ ನೀರೂ ನಿಲ್ಲುತ್ತದೆ, ರಕ್ತದ ಪ್ರಮಾಣ ಬೆಳೆಯುತ್ತದೆ, ನಾಳಗಳ ಮೇಲಿನ ಒತ್ತಡ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಎಂದರೆ ಒಂದು ಚಹಾ ಚಮಚದೊಳಗೆ, ಸಾಕೆನ್ನುತ್ತದೆ. ಸಾರು, ಪಲ್ಯ, ಹಪ್ಪಳ, ಮಜ್ಜಿಗೆಗೆ ಹಾಕಿದ ಚಿಟಿಕೆ ಎಲ್ಲವೂ ಆ ಒಂದು ಚಮಚದಲ್ಲೇ ಬರಬೇಕು. ಮಿಡಿಯ ರಸವನ್ನು ಅನ್ನಕ್ಕೆ ಕಲಸುವ ದಿನ ಸಾರಿನ ಉಪ್ಪನ್ನು ಅರ್ಧಕ್ಕಿಳಿಸಬಹುದು.