ಟೈಗರ್ ಮಾತ್‌ನ ಒಡಹುಟ್ಟು ಬಳ್ಳಾರಿಗೆ ಬಂದ ವರ್ಷ

1932ರ ಅಕ್ಟೋಬರ್ 15. ಜೆ.ಆರ್.ಡಿ. ಟಾಟಾ ಕರಾಚಿಯಿಂದ ಟಪಾಲು ಹೊತ್ತು ಅಹಮದಾಬಾದ್ ದಾರಿಯಾಗಿ ಮುಂಬೈನ ಜುಹುವಿಗೆ ಬಂದಿಳಿದರು. ಅಲ್ಲಿಂದ ಮದ್ರಾಸಿಗೆ ಹೊರಟವರು ನೆವಿಲ್ ವಿನ್ಸೆಂಟ್. ನಡುವೆ ವಿಮಾನ ಇಳಿಯಲು ಗೊತ್ತುಮಾಡಿದ್ದ ಒಂದೇ ಊರು ಬಳ್ಳಾರಿ.

ಲಂಡನ್ನಿನ ಅಂಚೆ 1929ರಿಂದಲೇ ವಿಮಾನದಲ್ಲಿ ಕರಾಚಿಗೆ ಬರುತ್ತಿತ್ತು. ಅಲ್ಲಿಂದ ಮುಂಬೈ, ಮದ್ರಾಸಿಗೆ ರೈಲೇ ಗತಿ. ಬ್ರಿಟಿಷ್ ವಾಯುಪಡೆಯಲ್ಲಿದ್ದ ವಿನ್ಸೆಂಟ್ ಈ ಕೊರತೆ ನೀಗಿಸುವ ಯೋಜನೆಯನ್ನು ಟಾಟಾ ಸಂಸ್ಥೆಯ ಮುಂದಿಟ್ಟರು. ಸರ್ಕಾರದ ಸಹಾಯಧನವಿಲ್ಲದೆಯೇ ಸೇವೆ ಶುರುವಾಯಿತು. ದಾರಿ ತೋರಲು ರೇಡಿಯೊ ಇರಲಿಲ್ಲ, ಕಣ್ಣಳತೆಯೇ ಆಧಾರ. ಸಿರುಗುಪ್ಪದ ಬದಿಯ ತುಂಗಭದ್ರೆ, ಕುರುಗೋಡಿನ ಬಂಡೆಗುಡ್ಡಗಳು, ಕೋಟೆ ಹೊತ್ತ ಬಳ್ಳಾರಿ ಗುಡ್ಡ: ಈ ಬಯಲುಸೀಮೆಯಲ್ಲಿ ಮೇಲಿನಿಂದ ಗುರುತು ಸಿಗುವಂಥವು ಇವೇ.

ಆ ವಿಮಾನ ಡಿ ಹ್ಯಾವಿಲೆಂಡ್ ಕಂಪನಿಯ ಪಸ್ ಮಾತ್. ಒಂದೇ ಜೊತೆ ರೆಕ್ಕೆ, 120 ಅಶ್ವಶಕ್ತಿಯ ಜಿಪ್ಸಿ-3 ಎಂಜಿನ್. ಸಿಲಿಂಡರುಗಳನ್ನು ತಲೆಕೆಳಗಾಗಿ ಕೂರಿಸಿದ್ದರಿಂದ ಮೂತಿ ತಗ್ಗಿ, ಪೈಲಟ್‌ಗೆ ಎದುರಿನ ನೋಟ ತೆರೆದುಕೊಂಡಿತು. ಇದೇ ಎಂಜಿನ್ನನ್ನು ಕಂಪನಿ ಎರಡು ಜೊತೆ ರೆಕ್ಕೆಯ ಸೇನಾ ತರಬೇತಿ ವಿಮಾನಕ್ಕೂ ಜೋಡಿಸಿತು. ಅದೇ ಟೈಗರ್ ಮಾತ್.

ಅದೇ ಕಂಪನಿಯ ಹಳೆಯ ಮಾತ್ ತರಬೇತಿ ವಿಮಾನದಲ್ಲಿ ಮುಂದಿನ ಆಸನ ಮೇಲಿನ ರೆಕ್ಕೆಯ ಅಡಿಗೇ ಇತ್ತು. ಪ್ಯಾರಾಚೂಟ್ ಕಟ್ಟಿಕೊಂಡ ಶಿಕ್ಷಕ ಆಪತ್ತಿನಲ್ಲಿ ಅಲ್ಲಿಂದ ಹೊರಬೀಳುವುದು ಕಷ್ಟ. ಅದಕ್ಕೇ ಮೇಲಿನ ರೆಕ್ಕೆಯ ನಡುಭಾಗವನ್ನು ಮುಂದಕ್ಕೆ ಸರಿಸಿದರು. ತೂಕದ ಸಮತೋಲ ತಪ್ಪಿತು. ಸರಿಪಡಿಸಲು ರೆಕ್ಕೆಗಳನ್ನು ಹಿಂದಕ್ಕೆ ಬಾಗಿಸಿದರು. ಟೈಗರ್ ಮಾತ್‌ನ ಚೆಲುವು ಎನಿಸಿಕೊಂಡ ಆ ಬಾಗು ಹುಟ್ಟಿದ್ದು ಒಂದು ಜೀವ ಉಳಿಸುವ ಕಾಳಜಿಯಿಂದ. 1931ರ ಅಕ್ಟೋಬರ್ 26ರಂದು ಅದು ಮೊದಲ ಸಲ ಹಾರಿತು; ಮರುವರ್ಷವೇ ಬ್ರಿಟಿಷ್ ವಾಯುಪಡೆ ಸೇರಿತು. ಮುಂದೆ 130 ಅಶ್ವಶಕ್ತಿಯ ಜಿಪ್ಸಿ ಮೇಜರ್ ಎಂಜಿನ್ ಬಂತು. ಒಟ್ಟು 8,000ಕ್ಕೂ ಹೆಚ್ಚು ವಿಮಾನಗಳು ತಯಾರಾದವು. ಎರಡನೇ ಮಹಾಯುದ್ಧದಲ್ಲಿ ಭಾರತದ ತರುಣ ಪೈಲಟ್‌ಗಳು ಹಾರಾಟದ ಅಕ್ಷರಾಭ್ಯಾಸ ಮಾಡಿದ್ದೂ ಇದರಲ್ಲೇ.

ಅಂಚೆ ಮಾರ್ಗ ಮುಂದೆ ಬಳ್ಳಾರಿಯನ್ನು ಬಿಟ್ಟು ಹೈದರಾಬಾದಿಗೆ ತಿರುಗಿತು. ಆದರೆ ವಿಮಾನದ ಕತೆ ಕನ್ನಡ ನಾಡನ್ನು ಬಿಡಲಿಲ್ಲ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ನಮ್ಮ ವಾಯುಪಡೆಯ ತರಬೇತಿಯಲ್ಲಿ ಟೈಗರ್ ಮಾತ್‌ನ ಜಾಗ ತುಂಬಿತು. ಭಾರತದ ವೈಮಾನಿಕ ಚರಿತ್ರೆಯೆಂದರೆ ಕರಾಚಿ, ಮುಂಬೈಗಳಷ್ಟೇ ಅಲ್ಲ. ಅದರ ಮೊದಲ ಪುಟದಲ್ಲೇ ಬಳ್ಳಾರಿಯ ಹೆಸರಿದೆ. ಇಲ್ಲಿನ ಮಕ್ಕಳು ಅದನ್ನು ತಮ್ಮೂರಿನ ಪಾಠವಾಗಿಯೇ ಓದಬೇಕು.